ಬಲ್ಲಾಳನ ಕೊನೆಗೆ ಸಾಕ್ಷಿ ಹೇಳಿದ ಹಾಯಿಹಡಗಿನ ಪಯಣಿಗ

ಹಳೇಬೀಡಿಗೆ ಬಂದವರು ಒಂದು ಪ್ರಶ್ನೆ ಕೇಳೇ ಕೇಳ್ತಾರೆ. ಇಷ್ಟೆಲ್ಲ ಕಟ್ಟಿಸಿದವರು ಕೊನೆಗೆ ಏನಾದರು? ಉತ್ತರವೂ ಸಿದ್ಧವಾಗಿರುತ್ತೆ. 1311ರಲ್ಲಿ ಮಲಿಕ್ ಕಾಫೂರ್ ಬಂದ, 1327ರ ಹೊತ್ತಿಗೆ ತುಘಲಕನ ಸೈನ್ಯ ಬಂತು, ದೋರಸಮುದ್ರ ಹಾಳಾಗಿ ಹಳೇಬೀಡಾಯಿತು. ಅಲ್ಲಿಗೆ ಕಥೆ ಮುಗೀತು.

ನಾನು ಅರಸೀಕೆರೆ ಕಡೆಯವನು. ಈ ಕಥೆಯನ್ನು ಚಿಕ್ಕಂದಿನಿಂದ ಕೇಳಿಕೊಂಡೇ ಬೆಳೆದವನು. ಆದರೆ ಕಥೆ ಅಲ್ಲಿಗೆ ಮುಗಿಯೋದಿಲ್ಲ. ಮಲಿಕ್ ಕಾಫೂರ್ ಬಂದುಹೋದ ಮೇಲೂ ಮೂರನೇ ವೀರಬಲ್ಲಾಳ ಮೂವತ್ತೊಂದು ವರ್ಷ ಬದುಕಿದ್ದ. ದೋರಸಮುದ್ರ ಕೈಜಾರಿದ ಮೇಲೆ ತಿರುವಣ್ಣಾಮಲೈಯಲ್ಲಿ ಕೂತು ರಾಜ್ಯ ಕಾಯ್ದ. 1342ರಲ್ಲಿ, ಮಧುರೆಯ ಸುಲ್ತಾನನ ಕೈಗೆ ಸಿಕ್ಕಿ ಸತ್ತ. ಆ ಸಾವಿನ ವಿವರವನ್ನು ನಮಗೆ ಬರೆದಿಟ್ಟವನು ಆಸ್ಥಾನ ಕವಿ ಅಲ್ಲ, ಶಾಸನ ಕೊರೆದವನೂ ಅಲ್ಲ. ಮೊರಾಕೊ ದೇಶದ ಒಬ್ಬ ಪಯಣಿಗ, ಇಬ್ನ್ ಬತೂತಾ. ಅವನು ಬೇಲೂರು ನೋಡಿದವನಲ್ಲ, ಹಳೇಬೀಡು ನೋಡಿದವನಲ್ಲ. ನಮ್ಮ ಕರಾವಳಿಯಲ್ಲಿ ಹಾಯಿ ಬಿಚ್ಚಿಕೊಂಡು ತೆಂಕಣಕ್ಕೆ ಹೋದವನು.

ಇತ್ತೀಚೆಗೆ ಈ ಬಲ್ಲಾಳನ ಸಾವಿನ ತುಣುಕು ಮೊಬೈಲಿನಿಂದ ಮೊಬೈಲಿಗೆ ಓಡಾಡ್ತಿದೆ. ಹೇಳಿದ್ದು ಯಾರು, ಅವನು ಇನ್ನೇನು ಹೇಳಿದ್ದಾನೆ ಅನ್ನೋದು ಮಾತ್ರ ಅದರ ಜೊತೆ ಬರೋದಿಲ್ಲ. ಸಾಕ್ಷಿಯನ್ನು ಕಟಕಟೆಗೆ ಕರೆದ ಮೇಲೆ ಅವನ ಪೂರ್ತಿ ಹೇಳಿಕೆ ಕೇಳಬೇಕಲ್ಲವೇ? ಹಾಗಾಗಿ ಈ ಬರಹ.

ಇಬ್ನ್ ಬತೂತಾ ಹುಟ್ಟಿದ್ದು 1304ರಲ್ಲಿ, ಆಫ್ರಿಕದ ವಾಯುವ್ಯ ಮೂಲೆಯ ಟಾಂಜಿಯರ್ ಊರಿನಲ್ಲಿ. ನ್ಯಾಯಾಧೀಶರ, ಅಂದರೆ ಖಾಜಿಗಳ ಮನೆತನ. 1325ರಲ್ಲಿ, ಇಪ್ಪತ್ತೊಂದನೇ ವಯಸ್ಸಿಗೆ, ಮೆಕ್ಕಾ ಯಾತ್ರೆ ಅಂತ ಒಬ್ಬನೇ ಮನೆ ಬಿಟ್ಟ. ಯಾತ್ರೆ ಮುಗಿಸಿ ಊರಿಗೆ ಮರಳೋದು ರೂಢಿ. ಇವನು ಮರಳಲಿಲ್ಲ. ಈಜಿಪ್ಟ್, ಸಿರಿಯಾ, ಇರಾಕ್, ಯೆಮನ್, ಪೂರ್ವ ಆಫ್ರಿಕದ ಕರಾವಳಿ, ತುರ್ಕರ ನಾಡು ಅಂತ ತಿರುಗಿ 1333ರಲ್ಲಿ ಸಿಂಧೂ ನದಿ ದಾಟಿದ. ದೆಹಲಿಯಲ್ಲಿ ಮುಹಮ್ಮದ್ ಬಿನ್ ತುಘಲಕ್ ಹೊರದೇಶದ ಪಂಡಿತರಿಗೆ ಕೈತುಂಬ ಕೊಡ್ತಿದ್ದ ಕಾಲ ಅದು. ಇವನಿಗೂ ಖಾಜಿ ಹುದ್ದೆ ಸಿಕ್ಕಿತು, ಸಂಬಳ ಸಿಕ್ಕಿತು. ಸಾಲಸೋಲವೂ ಬೇಕಾದಷ್ಟು ಆಯಿತು.

ಕೊಡುವ ಕೈಯೇ ಕೊಲ್ಲುವ ಕೈಯೂ ಆಗಿತ್ತು. ಸುಲ್ತಾನನಿಗೆ ಬೇಡವಾದ ಒಬ್ಬ ಸೂಫಿ ಗುರುವನ್ನು ನೋಡಲು ಹೋಗಿದ್ದ ಅನ್ನೋ ಕಾರಣಕ್ಕೆ ಇಬ್ನ್ ಬತೂತಾ ಮೇಲೂ ಕಾವಲು ಬಿತ್ತು. ಆ ಗುರುವಿನ ತಲೆ ಹೋಯಿತು, ಇವನು ಹೇಗೋ ಉಳಿದ. ಇದ್ದಬದ್ದದ್ದನ್ನೆಲ್ಲ ದಾನ ಮಾಡಿ ಫಕೀರನಂತೆ ಕೆಲಕಾಲ ಇದ್ದ. ಆಗ ಸುಲ್ತಾನ ಮತ್ತೆ ಕರೆಸಿ ಚೀನಾಕ್ಕೆ ರಾಯಭಾರಿಯಾಗಿ ಹೋಗು ಅಂದ. ದೆಹಲಿಯಿಂದ ಪಾರಾಗೋಕೆ ಇದಕ್ಕಿಂತ ಒಳ್ಳೆ ದಾರಿ ಯಾವುದಿತ್ತು? ಒಪ್ಪಿಕೊಂಡ. ವಿದ್ವಾಂಸರ ಲೆಕ್ಕದ ಪ್ರಕಾರ ಇದು 1341ರ ಮಾತು. ಚೀನಾದ ದೊರೆಗೆ ಅಂತ ನೂರು ಕುದುರೆ, ನೂರು ಗುಲಾಮರು, ನೂರು ಹಾಡುವ ಕುಣಿಯುವ ಹೆಣ್ಣುಗಳು, ರಾಶಿ ಬಟ್ಟೆ, ಕತ್ತಿಗಳು. ಮನುಷ್ಯರನ್ನೂ ಕುದುರೆಗಳನ್ನೂ ಒಂದೇ ಪಟ್ಟಿಯಲ್ಲಿ ಬರೆಯುತ್ತಿದ್ದ ಕಾಲ. ಬರೆದವನಿಗೂ ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ದಾರಿಯಲ್ಲಿ ದರೋಡೆ, ಸೆರೆ, ಓಟ ಎಲ್ಲ ಆಗಿ ದೌಲತಾಬಾದ್ ಮೂಲಕ ಗುಜರಾತಿನ ಖಂಭಾತ್ ತಲುಪಿದರು. ಅದರ ಹತ್ತಿರದ ಗಂಧಾರ್ ಬಂದರಿನಲ್ಲಿ ಹಡಗು ಸಜ್ಜು ಮಾಡುವ ಕೆಲಸ ಶುರುವಾಯಿತು. ಇವನು ಹತ್ತಿದ ಹಡಗಿನ ಹೆಸರು ಜಾಕರ್. ಉಡುಗೊರೆಯ ಎಪ್ಪತ್ತು ಕುದುರೆ ಅದರಲ್ಲೇ ಹತ್ತಿದವು. ಉಳಿದವು ಇನ್ನೊಂದಕ್ಕೆ. ಗಂಧಾರಿನ ದೊರೆ ಜೊತೆಗೆ ಕಳಿಸಿದ ಇನ್ನೊಂದು ಹಡಗಿಗೆ ಅರವತ್ತು ಹುಟ್ಟು. ಕಾಳಗದ ಹೊತ್ತಿನಲ್ಲಿ ಹುಟ್ಟುಹಾಕುವವರ ಮೇಲೆ ಬಾಣ, ಕಲ್ಲು ಬೀಳದ ಹಾಗೆ ಮೇಲೆ ಸೂರು ಹಾಕುತ್ತಿದ್ದರು. ಜಾಕರ್‌ನಲ್ಲಿ ಐವತ್ತು ಜನ ಬಿಲ್ಲುಗಾರರು, ಐವತ್ತು ಜನ ಹಬಶಿ ಯೋಧರು. ಹಬಶಿ ಒಬ್ಬನಿದ್ದರೂ ಸಾಕು, ಕಡಲುಗಳ್ಳರು ಹತ್ತಿರ ಸುಳಿಯೋದಿಲ್ಲ ಅನ್ನೋದು ಇಬ್ನ್ ಬತೂತಾನ ಅನುಭವ. ದಾರಿಯ ಒಂದು ದ್ವೀಪದಲ್ಲಿ ಸಿಹಿನೀರು ತುಂಬಿಸಿಕೊಂಡರು. ಎಪ್ಪತ್ತು ಕುದುರೆ ಅಂದರೆ ನೀರು, ಹುಲ್ಲು ಎಷ್ಟು ಬೇಕು ಅಂತ ದನ ಸಾಕಿದ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಈ ಕಡಲಿನ ಹಡಗುಗಳ ಬಗ್ಗೆ ಅವನು ಗಮನಿಸಿದ ಒಂದು ಸಂಗತಿ ನನಗೆ ಬಹಳ ಮೆಚ್ಚುಗೆ. ಹಲಗೆಗಳನ್ನು ಮೊಳೆ ಹೊಡೆದು ಕೂಡಿಸ್ತಿರಲಿಲ್ಲ, ತೆಂಗಿನ ನಾರಿನ ಹಗ್ಗದಿಂದ ಹೊಲೀತಿದ್ದರು. ಮೊಳೆ ಹೊಡೆದ ಹಡಗು ಬಂಡೆಗೆ ಬಡಿದರೆ ಒಡೆಯುತ್ತೆ, ಹೊಲಿದ ಹಡಗು ಬಾಗಿಕೊಂಡು ತಡೆಯುತ್ತೆ ಅಂತ ಅವನೇ ಕಾರಣವನ್ನೂ ಕೊಡ್ತಾನೆ. ತೆಂಗು ಅಂದರೆ ನಮ್ಮ ಅರಸೀಕೆರೆಯವರಿಗೆ ಕೊಬ್ಬರಿ, ಮಾರುಕಟ್ಟೆ ಧಾರಣೆ. ಕಡಲಿನವರಿಗೆ ಅದರ ನಾರೇ ಹಡಗಿನ ನರ.

ಗಾಳಿಯ ಲೆಕ್ಕವೂ ಇತ್ತು. ಮಳೆಗಾಲದಲ್ಲಿ ಪಶ್ಚಿಮ ಕರಾವಳಿಯ ಅಳಿವೆಗಳು ಮುಚ್ಚಿದ ಹಾಗೇ. ಇವತ್ತಿಗೂ ನೂಲ ಹುಣ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಅರ್ಪಿಸಿಯೇ ಮೀನುಗಾರರು ಕಡಲಿಗಿಳಿಯೋದು. ಮಳೆ ಕಳೆದು ಗಾಳಿ ತಿರುಗಿದ ಮೇಲೆ, ಬೆಳಗಿನ ಹೊತ್ತು ನೆಲದ ಕಡೆಯಿಂದ ಬೀಸುವ ಗಾಳಿಯಲ್ಲಿ ಅಳಿವೆ ದಾಟಿ, ಮಧ್ಯಾಹ್ನದ ಮೇಲೆ ವಾಯುವ್ಯದಿಂದ ಬರುವ ಗಾಳಿಗೆ ಹಾಯಿ ಕೊಟ್ಟರೆ ತೆಂಕಣದ ದಾರಿ ಸಲೀಸು. ದಡ ಕಣ್ಣಳತೆಯಲ್ಲಿರುತ್ತೆ. ಒಂದೊಂದು ನದಿ ಬಾಯಿಗೂ ಒಂದೊಂದು ಬಂದರು: ಶರಾವತಿಗೆ ಹೊನ್ನಾವರ, ಸೀತಾನದಿಗೆ ಬಾರಕೂರು, ನೇತ್ರಾವತಿ ಕೂಡುವಲ್ಲಿ ಮಂಗಳೂರು.

ಗೋವೆ ದಾಟಿ ಇಬ್ನ್ ಬತೂತಾ ಮೊದಲು ಇಳಿದದ್ದು ಹೊನ್ನಾವರದಲ್ಲಿ. ಅವನ ಬರಹದಲ್ಲಿ ಅದು ಹಿನಾವರ್. ಅಲ್ಲಿ ಜಮಾಲುದ್ದೀನ್ ಅನ್ನೋ ಮುಸ್ಲಿಂ ದೊರೆ ಇದ್ದ. ಅವನು ಸ್ವತಂತ್ರನಲ್ಲ, ಹರ್ಯಬ ಅನ್ನೋ ಹಿಂದೂ ಅರಸನ ಅಧೀನ ಅಂತ ಇವನು ಬರೀತಾನೆ. ಆ ಹರ್ಯಬ ವಿಜಯನಗರದ ಮೊದಲ ಹರಿಹರನೇ ಅನ್ನೋದು ಬಹುಪಾಲು ಇತಿಹಾಸಕಾರರ ಅಭಿಪ್ರಾಯ. ಊರಿನಲ್ಲಿ ಹೆಣ್ಣುಮಕ್ಕಳಿಗೆ ಹದಿಮೂರು ಶಾಲೆ, ಗಂಡುಮಕ್ಕಳಿಗೆ ಇಪ್ಪತ್ಮೂರು ಶಾಲೆ ಎಣಿಸಿದ. ಅಲ್ಲಿನ ಹೆಂಗಸರು ಕುರಾನ್ ಬಾಯಿಪಾಠ ಮಾಡಿದವರು, ಹೊಲಿಯದ ಬಟ್ಟೆ ಉಡುವವರು. ಅಂದರೆ ಸೀರೆಯಂಥದ್ದು, ಒಂದು ತುದಿ ಸೊಂಟಕ್ಕೆ, ಇನ್ನೊಂದು ತುದಿ ತಲೆ, ಎದೆಗೆ. ದೊರೆಯ ಮನೆಯ ಊಟವನ್ನೂ ಬಿಡದೆ ಬರೆದಿದ್ದಾನೆ. ತಾಮ್ರದ ಸೌಟಿನಲ್ಲಿ ಅನ್ನ, ಮೇಲೆ ತುಪ್ಪ, ಮೆಣಸು, ಹಸಿ ಶುಂಠಿ, ನಿಂಬೆ, ಮಾವಿನ ಉಪ್ಪಿನಕಾಯಿ, ಕೋಳಿ ಮಾಂಸ, ಕೊನೆಗೆ ಮೊಸರು. ಏಳು ಶತಮಾನದ ಹಿಂದಿನ ಊಟ ಅಂತ ಯಾರಿಗಾದರೂ ಅನ್ನಿಸುತ್ತಾ?

ಅಲ್ಲಿಂದ ಮುಂದೆ ಬಾರಕೂರು. ನಮ್ಮ ಕಥೆಗೆ ಇದು ಮುಖ್ಯವಾದ ನಿಲುಗಡೆ. ಬಾರಕೂರು ಆಳುಪರ ರಾಜಧಾನಿ. ಮೂರನೇ ಬಲ್ಲಾಳ ಆಳುಪ ರಾಜಕುಮಾರಿ ಚಿಕ್ಕಾಯಿತಾಯಿಯನ್ನು ಮದುವೆಯಾಗಿದ್ದ. ಆ ಕಾಲದ ಶಾಸನಗಳಲ್ಲಿ ಬಾರಕೂರಿನಿಂದ ಆಳಿದವಳಾಗಿ ಕಾಣುವುದು ಅವಳೇ. ಇಬ್ನ್ ಬತೂತಾ ಹೇಳುವ ದೊರೆಯ ಹೆಸರು ಮಾತ್ರ ವಾಸುದೇವ. ಬಂದರು ನೋಡಿಕೊಳ್ಳುವ ಅಧಿಕಾರಿಯನ್ನೇ ಇವನು ದೊರೆ ಅಂದುಕೊಂಡಿರಬೇಕು ಅನ್ನೋದು ನನ್ನ ಊಹೆ. ಆ ವಾಸುದೇವನಿಗೆ ಸುಮಾರು ಮೂವತ್ತು ಯುದ್ಧದ ಹಡಗು. ಅವುಗಳ ಮುಖ್ಯಸ್ಥ ಲೂಲಾ ಅನ್ನೋ ಮುಸ್ಲಿಂ, ಹಡಗು ದೋಚುವುದರಲ್ಲೂ ಕೈ ಪಳಗಿದವನು. ಈ ದಾರಿಯಲ್ಲಿ ಹೋಗುವ ಹಡಗು ಇಲ್ಲಿ ಲಂಗರು ಹಾಕಿ ಕಾಣಿಕೆ ಕೊಡಲೇಬೇಕು. ಕೊಡದೆ ಹೋದರೆ ಬೆನ್ನಟ್ಟಿ ಹಿಡಿದು ಎರಡರಷ್ಟು ಕೀಳ್ತಾರೆ. ಬಂದರಿನ ಹಕ್ಕು ಅಂತ ಅದಕ್ಕೆ ಹೆಸರು. ಹಿಂದೂ ಅರಸು, ಮುಸ್ಲಿಂ ನೌಕಾಪತಿ, ಸುಂಕಕ್ಕೆ ಮಾತ್ರ ಜಾತಿಮತ ಇಲ್ಲ.

ಮಂಗಳೂರಿನಲ್ಲಿ ರಾಮದೇವ ಅನ್ನೋ ದೊರೆ, ನಾಲ್ಕು ಸಾವಿರದಷ್ಟು ಮುಸ್ಲಿಮರು, ಪರ್ಷಿಯ, ಯೆಮನ್ ವ್ಯಾಪಾರಿಗಳು, ಮೆಣಸು, ಶುಂಠಿ. ಊರವರಿಗೂ ಇವರಿಗೂ ಆಗಾಗ ಹೊಡೆದಾಟ ಆಗ್ತಿತ್ತು, ವ್ಯಾಪಾರ ನಿಲ್ಲಬಾರದು ಅಂತ ದೊರೆಯೇ ರಾಜಿ ಮಾಡಿಸ್ತಿದ್ದ ಅಂತಲೂ ಬರೆದಿದ್ದಾನೆ. ದೊರೆಯ ಮಗ ಒತ್ತೆಯಾಳಾಗಿ ಹಡಗಿಗೆ ಬಂದ ಮೇಲೆಯೇ ಇವರು ದಡಕ್ಕೆ ಇಳಿದರು. ಎಲ್ಲ ಹಾಲು ಜೇನಿನಂತಿತ್ತು ಅಂತ ಅವನೂ ಹೇಳೋದಿಲ್ಲ, ನಾನೂ ಹೇಳೋದಿಲ್ಲ.

ಈ ಹಡಗು ಬಾರಕೂರು, ಮಂಗಳೂರು ದಾಟುವಾಗ ಘಟ್ಟದ ಆಚೆ ಬಲ್ಲಾಳ ಇನ್ನೂ ಬದುಕಿದ್ದ. ಎಂಬತ್ತರ ಮುದುಕ. ಘಟ್ಟದ ಮೇಲಿನವರಿಗೂ ಕಡಲಿಗೂ ಸಂಬಂಧ ಇರಲಿಲ್ಲ ಅಂದುಕೊಳ್ಳಬೇಡಿ. ಅರಸೀಕೆರೆ ತಾಲ್ಲೂಕಿನ ಒಂದು ಹೊಯ್ಸಳ ಶಾಸನದಲ್ಲಿ ಹಡಗುಗಳಲ್ಲಿ ಕುದುರೆ, ಆನೆ, ಮುತ್ತು ತರಿಸಿ ಅರಸರಿಗೆ ಮಾರುತ್ತಿದ್ದ ಚಟ್ಟಿಸೆಟ್ಟಿಯ ಹೊಗಳಿಕೆ ಇದೆ. ಅರಸೀಕೆರೆಯಲ್ಲಿ 1220ರ ಹೊತ್ತಿಗೆ ಶಿವಾಲಯವೂ ಎದ್ದಿತು, ಸಹಸ್ರಕೂಟ ಜಿನಾಲಯವೂ ಎದ್ದಿತು. ಇಂಥ ಊರಿನ ಐಶ್ವರ್ಯ ಬರೀ ರಾಗಿ, ಹುರುಳಿಯಿಂದ ಬಂದದ್ದಲ್ಲ. ಬೇಲೂರು, ಹಳೇಬೀಡಿನ ಗೋಡೆಗಳ ಕೆಳಪಟ್ಟಿಯಲ್ಲಿ ಸಾಲುಸಾಲಾಗಿ ಓಡುವ ಕುದುರೆಗಳನ್ನು ನೋಡ್ತೀವಲ್ಲ, ದಂಡಿಗೆ ಬೇಕಾದ ಅಂಥ ಒಳ್ಳೆಯ ತಳಿಯ ಕುದುರೆಗಳು ಅರಬ್ಬೀ ಕಡಲು ದಾಟಿ ಬರಬೇಕಿತ್ತು. ಬಲ್ಲಾಳನ ಮದುವೆ ಸಂಬಂಧದ ಹಿಂದೆ ಕರಾವಳಿಯ ಬಂದರುಗಳ ಆಸೆಯೂ ಇದ್ದಿರಬೇಕು.

ಇಬ್ನ್ ಬತೂತಾ ಕಲ್ಲಿಕೋಟೆ ತಲುಪಿದ. ಅಲ್ಲಿ ಹದಿಮೂರು ಚೀನೀ ಹಡಗು ನಿಂತಿದ್ದವು. ದೊಡ್ಡದರಲ್ಲಿ ಹನ್ನೆರಡು ಹಾಯಿ, ಸಾವಿರ ಜನ. ಮೂರು ತಿಂಗಳು ಕಾದು, ಗಾಳಿ ಬಂತು ಅಂತ ಉಡುಗೊರೆಗಳನ್ನೆಲ್ಲ ಏರಿಸಿದರು. ಶುಕ್ರವಾರದ ನಮಾಜಿಗೆ ಅಂತ ಇವನು ದಡದಲ್ಲಿ ಉಳಿದ. ಅಷ್ಟರಲ್ಲಿ ಬಿರುಗಾಳಿ ಎದ್ದು ದೊಡ್ಡ ಹಡಗು ಒಡೆಯಿತು. ಜೊತೆಯ ರಾಯಭಾರಿಗಳ ಹೆಣ ದಡಕ್ಕೆ ಬಂತು. ಇವನ ಸಾಮಾನು, ಆಳುಗಳು, ಬಸುರಿಯಾಗಿದ್ದ ದಾಸಿ ಇದ್ದ ಇನ್ನೊಂದು ಹಡಗು ಹಾಯಿ ಬಿಚ್ಚಿ ಕಣ್ಮರೆಯಾಯಿತು. ದಡದಲ್ಲಿ ನಿಂತ ರಾಯಭಾರಿಗೆ ಉಳಿದದ್ದು ಹತ್ತು ನಾಣ್ಯ, ಹಾಸಲು ಒಂದು ಚಾಪೆ.

ದೆಹಲಿಗೆ ಹೋದರೆ ಸುಲ್ತಾನ ಬಿಡೋನಲ್ಲ. ಹೊನ್ನಾವರಕ್ಕೆ ವಾಪಸ್ಸು ಬಂದ. ಜಮಾಲುದ್ದೀನ್ ಆಗ ಗೋವೆಯ ಮೇಲೆ ದಂಡೆತ್ತಲು ಐವತ್ತೆರಡು ಹಡಗು ಸಜ್ಜು ಮಾಡಿಸ್ತಿದ್ದ. ಅದರಲ್ಲಿ ಎರಡು ಹಡಗಿನ ಹಿಂಬದಿ ತೆರೆದುಕೊಳ್ಳುವಂಥದ್ದು. ಕುದುರೆ ಒಳಗಿರುವಾಗಲೇ ಸವಾರ ಹತ್ತಿ ಕೂತು, ನೇರ ದಡಕ್ಕೆ ನುಗ್ಗಬಹುದು. ಇವನೂ ಆ ದಂಡಿನ ಜೊತೆ ಹೋದ, ಗೋವೆ ಗೆದ್ದರು. ಸ್ವಲ್ಪ ದಿನಕ್ಕೆ ಗೋವೆಯವರು ತಿರುಗಿಬಿದ್ದು ಮುತ್ತಿಗೆ ಹಾಕಿದಾಗ ಜಾಗ ಬಿಟ್ಟು ಮತ್ತೆ ತೆಂಕಣಕ್ಕೆ ಹಾಯಿ ಕಟ್ಟಿದ. ಗೆಳೆಯನನ್ನು ಕಷ್ಟದಲ್ಲಿ ಬಿಟ್ಟುಹೋದ ಅಂತ ನಾವು ಅನ್ನಬಹುದು. ಅವನು ವೀರನಲ್ಲ. ತಲೆ ಉಳಿಸಿಕೊಳ್ಳುವುದರಲ್ಲಿ ಜಾಣ. ಮಾಲ್ಡೀವ್ಸ್‌ನಲ್ಲಿ ಖಾಜಿಯಾದ, ಮದುವೆಗಳನ್ನು ಮಾಡಿಕೊಂಡ, ಹೆಂಡಿರನ್ನು ಬಿಟ್ಟ, ಅಲ್ಲಿನವರ ಜೊತೆ ಜಗಳವಾಡಿ ಹೊರಟ. ಸಿಂಹಳ ನೋಡಿ, 1344ರ ಸುಮಾರಿಗೆ ತಮಿಳುನಾಡಿನ ದಡಕ್ಕೆ ಬಂದು ಬಿದ್ದ.

ಅಲ್ಲಿ ಮಧುರೆಯ ಸುಲ್ತಾನ ಘಿಯಾಸುದ್ದೀನ್ ದಾಮಘಾನಿ. ಇವನಿಗೆ ಷಡ್ಡಕ, ಅಕ್ಕತಂಗಿಯರನ್ನು ಮದುವೆಯಾದವರು. ಬಲ್ಲಾಳನ ಕೊನೆಯ ಯುದ್ಧದ ಕಥೆ ಇವನಿಗೆ ಸಿಕ್ಕಿದ್ದು ಆ ಪಾಳೆಯದಲ್ಲಿ.

ಕಥೆ ಇದು. ಬಲ್ಲಾಳ ಲಕ್ಷಕ್ಕೂ ಮಿಕ್ಕ ಸೈನ್ಯ ಕಟ್ಟಿಕೊಂಡು ಶ್ರೀರಂಗದ ಹತ್ತಿರದ ಕಣ್ಣನೂರು ಕೊಪ್ಪಂ ಕೋಟೆಗೆ ಮುತ್ತಿಗೆ ಹಾಕಿದ. ಒಳಗೆ ಆರು ಸಾವಿರ ಜನ. ಅವರ ದವಸ ಮುಗಿಯುತ್ತ ಬಂತು. ಸುಲ್ತಾನನನ್ನು ಕೇಳಿ ಕೋಟೆ ಒಪ್ಪಿಸ್ತೀವಿ, ಹದಿನಾಲ್ಕು ದಿನ ಗಡುವು ಕೊಡಿ ಅಂದರು. ಬಲ್ಲಾಳ ಕೊಟ್ಟ. ಆ ಗಡುವಿನೊಳಗೆ ಮಧುರೆಯಿಂದ ಸಣ್ಣ ದಂಡೊಂದು ಬಂತು. ಮಧ್ಯಾಹ್ನದ ನಿದ್ದೆ ಹೊತ್ತು, ಕುದುರೆಗಳನ್ನು ಮೇಯೋಕೆ ಬಿಟ್ಟಿದ್ದರು. ಬಂದವರು ಕಳ್ಳರಿರಬೇಕು ಅಂದುಕೊಂಡು ಸಿದ್ಧತೆ ಇಲ್ಲದೆ ಎದುರಾದರು, ಸೋತರು. ಮುದುಕ ದೊರೆ ಕುದುರೆ ಹತ್ತಲು ಹೋಗಿ ಸಿಕ್ಕಿಬಿದ್ದ. ಬಿಡ್ತೀನಿ ಅನ್ನೋ ಆಸೆ ತೋರಿಸಿ ಸುಲ್ತಾನ ಅವನ ಹಣ, ಆನೆ, ಕುದುರೆ ಎಲ್ಲ ತೆಗೆದುಕೊಂಡ. ಆಮೇಲೆ ಕೊಂದು, ಚರ್ಮ ಸುಲಿದು, ಹುಲ್ಲು ತುಂಬಿ, ಮಧುರೆಯ ಕೋಟೆ ಗೋಡೆಗೆ ನೇತುಹಾಕಿದ. ಅದನ್ನು ನಾನೇ ನೋಡಿದ್ದೀನಿ ಅಂತ ಇಬ್ನ್ ಬತೂತಾ ಬರೀತಾನೆ.

ಮೊಬೈಲಿನಲ್ಲಿ ಓಡಾಡೋದು ಇಷ್ಟು. ಇದು ಸುಳ್ಳಲ್ಲ, ಮುಚ್ಚಿಡಬೇಕಾದದ್ದೂ ಅಲ್ಲ. ಓದಿದರೆ ಹೊಟ್ಟೆ ಕಿವುಚುತ್ತೆ, ಕಿವುಚಬೇಕು. ಆದರೆ ಅದೇ ಸಾಕ್ಷಿ, ಅದೇ ಪುಟಗಳಲ್ಲಿ, ಇನ್ನೆರಡು ಮಾತು ಹೇಳಿದ್ದಾನೆ. ಒಂದು, ಬಲ್ಲಾಳನ ಆ ಸೈನ್ಯದಲ್ಲಿ ಇಪ್ಪತ್ತು ಸಾವಿರದಷ್ಟು ಮುಸ್ಲಿಮರಿದ್ದರು. ಅವರನ್ನು ಪುಂಡರು, ಅಪರಾಧಿಗಳು, ಓಡಿಬಂದ ಗುಲಾಮರು ಅಂತ ಇವನು ಬೈದೇ ಹೇಳ್ತಾನೆ. ಬೈದರೂ ಲೆಕ್ಕ ಬಿಡಲಿಲ್ಲ. ಎರಡು, ದಾಮಘಾನಿ ಕಾಡಿನ ಹಳ್ಳಿಗರನ್ನು, ಅವರ ಹೆಂಡತಿ ಮಕ್ಕಳನ್ನು ಸಮೇತ ಶೂಲಕ್ಕೇರಿಸಿದ್ದನ್ನು ಕಣ್ಣಾರೆ ಕಂಡು, ಇಂಥ ಹೇಸಿಗೆ ಕೆಲಸ ಮಾಡಿದ ಇನ್ನೊಬ್ಬ ದೊರೆಯನ್ನು ತಾನು ಕಂಡಿಲ್ಲ ಅಂತ ಬರೆದ. ಅವನು ಬೇಗ ಸತ್ತದ್ದು ದೇವರು ಅದಕ್ಕೇ ಕೊಟ್ಟ ಶಿಕ್ಷೆ ಅಂದ. ತನ್ನ ಧರ್ಮದವನು, ತನ್ನ ನೆಂಟ, ತನಗೆ ಅನ್ನ ಹಾಕಿದವನು. ಆದರೂ ಬರೆದ.

ಹೀಗಾಗಿ ಈ ಸಾಕ್ಷಿಯನ್ನು ಒಂದು ಧರ್ಮದ ಮೇಲಿನ ದೂರಾಗಿ ಬಳಸೋದು ಕಷ್ಟ. ಹಾಗೇ, ಆ ಕಾಲದಲ್ಲಿ ಎಲ್ಲರೂ ಅಣ್ಣತಮ್ಮಂದಿರಂತೆ ಇದ್ದರು ಅನ್ನೋ ಸವಿಮಾತಿಗೂ ಇವನು ಒದಗೋದಿಲ್ಲ. ರಾಜ್ಯಕ್ಕೋಸ್ಕರ ಯಾರು ಯಾರ ಜೊತೆ ಬೇಕಾದರೂ ಸೇರಿದರು, ಯಾರು ಯಾರನ್ನು ಬೇಕಾದರೂ ಕೊಂದರು. ನಡುವೆ ಮೆಣಸು ಮಾರಿದರು, ಮಕ್ಕಳಿಗೆ ಓದಿಸಿದರು, ಹಡಗು ಹೊಲಿದರು. ಬೇಲೂರಿನ ಹೆಬ್ಬಾಗಿಲು ಸುಟ್ಟದ್ದೂ ನಿಜ, 1397ರಲ್ಲಿ ವಿಜಯನಗರದ ಎರಡನೇ ಹರಿಹರನ ದಂಡನಾಯಕ ಗುಂಡ ಅದನ್ನು ಮತ್ತೆ ಎತ್ತಿಸಿದ್ದೂ ನಿಜ. ಆ ಹರಿಹರನ ವಂಶದವರ ಕೆಳಗೇ ಹೊನ್ನಾವರದ ಮುಸ್ಲಿಂ ದೊರೆ ಇದ್ದದ್ದೂ ನಿಜ.

ಇಬ್ನ್ ಬತೂತಾನಿಗೆ ನಮ್ಮ ಕಡಲು ಕೊನೆಯದಾಗಿ ಕೊಟ್ಟದ್ದು ಪೆಟ್ಟನ್ನೇ. ಮಧುರೆ ಬಿಟ್ಟ ಮೇಲೆ ಜಮಾಲುದ್ದೀನನನ್ನು ನೋಡಬೇಕು ಅಂತ ಕೊಲ್ಲಂನಿಂದ ಬಡಗಣಕ್ಕೆ ಹೊರಟ. ಬಾರಕೂರಿಗೂ ಹೊನ್ನಾವರಕ್ಕೂ ನಡುವಿನ ಒಂದು ಸಣ್ಣ ದ್ವೀಪದ ಹತ್ತಿರ ಹನ್ನೆರಡು ಹಡಗು ಸುತ್ತುವರಿದವು. ಸಿಂಹಳದ ಅರಸ ಕೊಟ್ಟ ಮುತ್ತು ಮಾಣಿಕ್ಯ, ಬಟ್ಟೆಬರೆ, ಕೂಡಿಟ್ಟದ್ದೆಲ್ಲ ಹೋಯಿತು. ಮೈಮೇಲೆ ಷರಾಯಿ ಒಂದು ಉಳಿಯಿತು. ಹಾಗೇ ಕಲ್ಲಿಕೋಟೆಗೆ ಹೋಗಿ ಮಸೀದಿಯಲ್ಲಿ ಕೂತ. ಯಾರೋ ಬಟ್ಟೆ ಕೊಟ್ಟರು.

ಆಮೇಲೂ ಅವನು ನಿಲ್ಲಲಿಲ್ಲ. ಬಂಗಾಳ, ಸುಮಾತ್ರ, ಚೀನಾ ನೋಡಿ 1349ರಲ್ಲಿ ಊರು ಸೇರಿದ. ಅಷ್ಟರಲ್ಲಿ ತಾಯಿ ಪ್ಲೇಗಿನಲ್ಲಿ ತೀರಿಹೋಗಿದ್ದಳು. ಸ್ಪೇನ್, ಸಹಾರಾದಾಚೆಯ ಮಾಲಿ ಕೂಡ ಸುತ್ತಿಬಂದ ಮೇಲೆ ಮೊರಾಕೊದ ಸುಲ್ತಾನನ ಅಪ್ಪಣೆಯಂತೆ ನೆನಪಿನಿಂದ ಹೇಳುತ್ತ ಹೋದ. ಇಬ್ನ್ ಜುಝೈ ಅನ್ನೋ ಬರಹಗಾರ ಬರೆದುಕೊಂಡ. 1355ರ ಕೊನೆಗೆ ಪುಸ್ತಕ ಮುಗಿಯಿತು. ಉಳಿದ ಆಯುಸ್ಸನ್ನು ಊರಿನ ಕಡೆಯೇ ಖಾಜಿಯಾಗಿ ಕಳೆದು 1368ರ ಸುಮಾರಿಗೆ ತೀರಿಕೊಂಡ. ನೆನಪಿನಿಂದ ಹೇಳಿದ್ದರಿಂದ ಸಂಖ್ಯೆಗಳು ಉಬ್ಬಿರಬಹುದು, ಹೆಸರು ಅದಲುಬದಲಾಗಿರಬಹುದು. ಬಲ್ಲಾಳನ ಯುದ್ಧ ಅವನು ಕಂಡದ್ದಲ್ಲ, ಕೇಳಿದ್ದು. ಗೋಡೆಯ ಮೇಲಿನ ಚರ್ಮ ಕಂಡದ್ದು. ಕೇಳಿದ್ದು ಯಾವುದು, ಕಂಡದ್ದು ಯಾವುದು ಅನ್ನೋ ಗೆರೆಯನ್ನು ಅವನು ಅಲ್ಲಿ ಅಳಿಸಲಿಲ್ಲ.

2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಬರುವವರು ಹೆಚ್ಚಾಗ್ತಾರೆ, ಹೊಯ್ಸಳರು ಕೊನೆಗೆ ಏನಾದರು ಅಂತ ಕೇಳುವವರೂ ಹೆಚ್ಚಾಗ್ತಾರೆ. ಅವರಿಗೆ 1311, 1327 ಅಂತ ಎರಡು ಇಸವಿ ಹೇಳಿ ಕಳಿಸೋದು ಬೇಡ. 1342ರ ತನಕ ಸೋಲೊಪ್ಪದ ಮುದುಕನ ಬಗ್ಗೆ ಹೇಳೋಣ, ಬಾರಕೂರಿನಲ್ಲಿದ್ದ ಅವನ ರಾಣಿ ಚಿಕ್ಕಾಯಿತಾಯಿ ಬಗ್ಗೆ ಹೇಳೋಣ, ಅರಸೀಕೆರೆಯ ಕಡೆಯಿಂದ ಹಡಗಿನ ವ್ಯಾಪಾರ ಮಾಡಿದ ಸೆಟ್ಟಿಯ ಬಗ್ಗೆ ಹೇಳೋಣ. ಅವನ ಸಾವನ್ನು ಜಗತ್ತಿಗೆ ಹೇಳಿದವನು ಕೊಂದವನದೇ ಧರ್ಮದ, ಕೊಂದವನ ನೆಂಟನೇ ಆದ ಒಬ್ಬ ಪರದೇಶಿ ಅನ್ನೋದನ್ನೂ ಸೇರಿಸಿ ಹೇಳೋಣ. ಕೇಳುವವರು ದೊಡ್ಡವರು, ತಮಗೆ ಬೇಕಾದ ತೀರ್ಮಾನಕ್ಕೆ ಅವರೇ ಬರಲಿ.